ಬಾಡಿಗೆಯ ಮೋಡ ನಮ್ಮ ಶಾಲೆಗೆ ಬೇಡ

ಕಳೆದ ಎರಡು ಬರಹಗಳಲ್ಲಿ ಮಳೆಗಾಲದ ನೆನಪುಗಳನ್ನು ಹೇಳಿಕೊಂಡು ಬಂದಿದ್ದೆ. ಈ ಸಲವೂ ಅದನ್ನೇ ಮುಂದುವರಿಸುವ ಮನಸ್ಸಿತ್ತು. ಆದರೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಬಳಗದಲ್ಲಿ ಹದಿನೈದು ದಿನಗಳಿಂದ ನಡೆಯುತ್ತಿರುವ ಚರ್ಚೆಯನ್ನು ಓದಿದ ಮೇಲೆ ನೆನಪುಗಳನ್ನು ಬದಿಗಿರಿಸಿ ಒಂದು ಜಗಳದ ಬರಹವನ್ನೇ ಬರೆಯಬೇಕಾಗಿ ಬಂದಿದೆ. ಹೆಬ್ಬೆರಳಿನಿಂದ ಫೋನಿನ ಮೇಲೆ ಉದ್ದುದ್ದ ಬರೆಯುವ ವಿದ್ಯೆ ನನಗೆ ಒಲಿದಿಲ್ಲ. ಆದ್ದರಿಂದ ಉತ್ತರವನ್ನು ಇಲ್ಲಿಯೇ ಕೊಡುತ್ತಿದ್ದೇನೆ.

ವಿಷಯ ಗೊತ್ತಿಲ್ಲದ ಬಂಧುಗಳಿಗಾಗಿ ಎರಡು ಮಾತು. ಪುತ್ತರಿಗೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ, ತಾವು ಓದಿದ ಪ್ರೌಢಶಾಲೆಗೆ ಒಂದು ಕೊಡುಗೆಯನ್ನು ಕೊಡಬೇಕೆಂದು ನಿಶ್ಚಯಿಸಿದ್ದಾರೆ. ಸಂಕಲ್ಪ ಬಹಳ ಒಳ್ಳೆಯದು. ಬಂದಿರುವ ಪ್ರಸ್ತಾವ ಏನೆಂದರೆ, ಒಂದು ಖಾಸಗಿ ಸಂಸ್ಥೆಗೆ ಮೂರು ವರ್ಷಗಳ ಚಂದಾ ಕಟ್ಟುವುದು. ಆ ಸಂಸ್ಥೆ ಎರಡು ತರಗತಿಗಳಿಗೆ ದೊಡ್ಡ ಪರದೆಗಳನ್ನು ಕೊಡುತ್ತದೆ. ಪಾಠ, ಹಾಜರಿ, ಅಂಕಪಟ್ಟಿ, ಮಕ್ಕಳು ಬರೆದ ಉತ್ತರಗಳು ಎಲ್ಲವೂ ಆ ಸಂಸ್ಥೆಯ ‘ಕ್ಲೌಡ್’ನಲ್ಲಿ ಇರುತ್ತವೆ. ನಾನು ಸಂದೇಹ ವ್ಯಕ್ತಪಡಿಸಿದಾಗ ನಿಮ್ಮಲ್ಲೊಬ್ಬರು, “ಸರ್, ಸ್ವಂತ ಕಂಪ್ಯೂಟರನ್ನು ಇಟ್ಟುಕೊಂಡು ಒದ್ದಾಡುವ ಕಾಲ ಮುಗಿಯಿತು. ಅದು ಎಲ್ಲಿದೆ ಎಂದು ನಾವು ಯಾಕೆ ತಿಳಿಯಬೇಕು? ಸ್ವಿಚ್ ಹಾಕಿದರೆ ವಿದ್ಯುತ್ ಬಂದ ಹಾಗೆ ಅದೂ ಬರುತ್ತದೆ” ಎಂದು ಬರೆದರು. ಬರೆದವರು ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ನನ್ನ ತರಗತಿಯಲ್ಲಿ ರೇಖಾಗಣಿತದಲ್ಲಿ ಎಂದೂ ತಪ್ಪದವರು. ಆದರೂ ಹೇಳುತ್ತೇನೆ, ಈ ಪ್ರಸ್ತಾವಕ್ಕೆ ನನ್ನ ವಿರೋಧವಿದೆ. ಶ್ರೀಮಂಗಲದಲ್ಲಿ ಕಕ್ಕಡದ ಮಳೆಗೆ ಸ್ವಿಚ್ ಹಾಕಿದರೆ ವಿದ್ಯುತ್ತೇ ಬರುವುದಿಲ್ಲವೆಂಬುದನ್ನು ಬೆಂಗಳೂರಿನಲ್ಲಿದ್ದು ಮರೆತಂತಿದೆ.

ಈ ಕಕ್ಕಡದಲ್ಲಿ ಒಂದು ಪಹಣಿಗಾಗಿ ನಾನು ಒಂದು ಕಚೇರಿಗೆ ಹೋಗಿದ್ದೆ. ಕಿಟಕಿಯ ಹಿಂದಿನಿಂದ “ಸರ್ವರ್ ಇಲ್ಲ” ಎಂಬ ಉತ್ತರ ಬಂತು. ನನ್ನ ಪಕ್ಕದಲ್ಲಿ ಕೊಡೆ ಮಡಚಿಕೊಂಡು ನಿಂತಿದ್ದ ಹಿರಿಯರೊಬ್ಬರು, “ಎಲ್ಲಿಗೆ ಹೋಗಿದ್ದಾನೆ? ಊಟಕ್ಕೆ ಹೋಗಿದ್ದರೆ ಕಾಯುತ್ತೇನೆ” ಎಂದರು. ಅವರಿಗೆ ಸರ್ವರ್ ಎಂದರೆ ಹೋಟೆಲಿನಲ್ಲಿ ದೋಸೆ ತಂದಿಡುವವನು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದಾಗ ನಮ್ಮೆಲ್ಲರಿಗಿಂತ ಸರಿಯಾದ ಪ್ರಶ್ನೆಯನ್ನು ಕೇಳಿದವರು ಅವರೇ ಎನಿಸಿತು. ಆ ಸರ್ವರ್ ಎಲ್ಲಿದ್ದಾನೆ? ಅವನಿಗೆ ಸಂಬಳ ಕೊಡುವವರು ಯಾರು? ಅವನು ಯಾರ ಮಾತು ಕೇಳುತ್ತಾನೆ? ನಾಳೆ ಅವನು ಕೆಲಸ ಬಿಟ್ಟರೆ ನಮ್ಮ ತಟ್ಟೆ ಎಲ್ಲಿರುತ್ತದೆ?

ಮೋಡ ಎಂಬ ಹೆಸರೇ ಮೋಸದ್ದು. ಕಾಳಿದಾಸನ ಯಕ್ಷ ಮೋಡದ ಕೈಯಲ್ಲಿ ಸಂದೇಶ ಕಳುಹಿಸಿದ್ದನ್ನು ನೆನೆದೋ ಏನೋ, ನಮ್ಮ ಕೇಂದ್ರ ಸರಕಾರವೂ ತನ್ನ ಗಣಕ ವ್ಯವಸ್ಥೆಗೆ ‘ಮೇಘರಾಜ’ ಎಂದು ಹೆಸರಿಟ್ಟು 2014ರಲ್ಲಿ ಆರಂಭಿಸಿತು. ವಾಸ್ತವದಲ್ಲಿ ಅಲ್ಲಿ ಮೋಡವೂ ಇಲ್ಲ, ಆಕಾಶವೂ ಇಲ್ಲ. ಭೂಮಿಯ ಮೇಲೆ, ಗೋಡೆ ಛಾವಣಿಗಳಿರುವ ಕಟ್ಟಡದಲ್ಲಿ, ಸಾಲು ಸಾಲಾಗಿ ಜೋಡಿಸಿದ ಗಣಕಯಂತ್ರಗಳಿವೆ. ಅವುಗಳನ್ನು ತಂಪಾಗಿಡಲು ನೀರು ಬೇಕು, ನಡೆಸಲು ವಿದ್ಯುತ್ ಬೇಕು, ಕಾಯಲು ಕಾವಲುಗಾರ ಬೇಕು. ಆ ಕಟ್ಟಡಕ್ಕೊಬ್ಬ ಒಡೆಯನಿದ್ದಾನೆ, ನೀವು ಅವನ ಬಾಡಿಗೆದಾರರು.

ಒಂದೇ ಯಂತ್ರ ನೂರು ಬಾಡಿಗೆದಾರರಿಗೆ ಹೇಗೆ ಸಾಲುತ್ತದೆ ಎಂದು ನನ್ನ ತಂಗಿ ಫೋನಿನಲ್ಲಿ ಕೇಳಿದಳು. ನಮ್ಮ ಕಡೆಯ ಐನ್‌ಮನೆಯನ್ನು ನೆನಪಿಸಿಕೋ ಎಂದೆ. ಒಂದೇ ಛಾವಣಿ, ಒಂದೇ ಕಯ್ಯಾಲೆ, ನಡುವೆ ಅಂಗಳ. ಒಳಗೆ ಅಣ್ಣತಮ್ಮಂದಿರ ಸಂಸಾರಗಳು, ಪ್ರತಿಯೊಂದಕ್ಕೂ ತನ್ನ ಕೋಣೆ. ಯಾರಿಗೆ ಎಷ್ಟು ಭತ್ತ, ಯಾರಿಗೆ ಯಾವ ಕೋಣೆ ಎಂಬುದನ್ನು ಹಿರಿಯರು ಹಂಚಿಕೊಡುತ್ತಿದ್ದರು. ವರ್ಚುವಲೈಸೇಶನ್ ಎಂಬ ತಂತ್ರವೂ ಇಂಥದೇ. ಒಂದು ನಿಜವಾದ ಯಂತ್ರದೊಳಗೆ ಹತ್ತಾರು ಮಾಯಾಯಂತ್ರಗಳನ್ನು ಹೂಡುತ್ತಾರೆ. ಪ್ರತಿಯೊಂದೂ ಇಡೀ ಮನೆ ತನ್ನದೇ ಎಂದು ಭ್ರಮಿಸುತ್ತದೆ. ನೆನಪಿನ ಜಾಗವನ್ನೂ ಗಣನೆಯ ಸಮಯವನ್ನೂ ಹಂಚುವ ಒಂದು ಯಜಮಾನ ತಂತ್ರಾಂಶ ಎಲ್ಲಕ್ಕೂ ಕೆಳಗೆ ಕುಳಿತಿರುತ್ತದೆ. ಇದು ಹೊಸದೂ ಅಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲಿಯೇ ಪ್ರಯೋಗಿಸಿ, 1972ರಲ್ಲಿ ತನ್ನ ದೊಡ್ಡ ಯಂತ್ರಗಳಿಗೆ ಅಳವಡಿಸಿ ಮಾರಾಟಕ್ಕಿಟ್ಟಿತು. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ‘ಝೆನ್’ ಎಂಬುದನ್ನು ಮುಕ್ತ ತಂತ್ರಾಂಶವಾಗಿ ಹೊರತಂದರು. 2006ರಲ್ಲಿ ಅಮೆಜಾನ್ ಅದರ ಮೇಲೆಯೇ ತನ್ನ ಬಾಡಿಗೆ ವ್ಯಾಪಾರವನ್ನು ತೆರೆಯಿತು. 2007ರಲ್ಲಿ ‘ಕೆವಿಎಂ’ ಎಂಬುದು ಲಿನಕ್ಸ್‌ನ ತಿರುಳಿನೊಳಗೇ ಸೇರಿತು. ಅಂದರೆ ಇಂದಿನ ಮೋಡದ ಬಹುಪಾಲು ಎಲ್ಲರಿಗೂ ಸೇರಿದ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಊರಿನ ಬೆತ್ತ, ಊರಿನ ಬಿದಿರು, ಊರವರದೇ ಕೈಕೆಲಸ. ಕಟ್ಟಿ ಮುಗಿದ ಬುಟ್ಟಿಯನ್ನು ಮಾತ್ರ ನಮಗೆ ದಿನಬಾಡಿಗೆಗೆ ಕೊಡುತ್ತಾರೆ.

ಕೊಡಗಿನವರಿಗೆ ಇದನ್ನು ವಿವರಿಸಲು ಇನ್ನೂ ಸುಲಭವಾದ ದಾರಿಯಿದೆ, ಅದು ಕಾಫಿಯ ಪೂಲ್. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬಹುದು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಹೋಗಿ, ಕೊಳ್ಳುವವರಿಲ್ಲದೆ ಬೆಳೆಗಾರ ಕೈಚೆಲ್ಲಿ ಕುಳಿತಾಗ, ಸರಕಾರ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರುವ ಏರ್ಪಾಡನ್ನು ಮಾಡಿತು. 1942ರ ಕಾಯಿದೆ ಅದಕ್ಕೆ ಭದ್ರವಾದ ರೂಪ ಕೊಟ್ಟಿತು. ಆ ಹೊತ್ತಿಗೆ ಅದು ಬೆಳೆಗಾರರನ್ನು ಉಳಿಸಿತೆಂಬುದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ. ತೋಟ ನನ್ನದು, ಬೆವರು ನನ್ನದು, ಕೊಯ್ದ ಹಣ್ಣು ಮಾತ್ರ ಪೂಲಿಗೆ. ಅಲ್ಲಿ ಅದು ಎಲ್ಲರ ಕಾಫಿಯೊಡನೆ ಬೆರೆತು ಹೋಗುತ್ತಿತ್ತು. ಬೆಲೆ ಎಷ್ಟೆಂಬುದು ಆಮೇಲೆ ತಿಳಿಯುವುದು. ಹಣ ಕಂತುಕಂತಾಗಿ ಬರುವುದು. ಹೊರಗೆ ಮಾರಿದರೆ ಅಪರಾಧ. ನಾನು ಈ ಜಿಲ್ಲೆಗೆ ಕೆಲಸಕ್ಕೆ ಬಂದ 1985ರಲ್ಲಿ, ಮಗಳ ಮದುವೆ ನಿಶ್ಚಯವಾದ ನನ್ನ ಮನೆ ಮಾಲೀಕರು, ಹೋದ ವರ್ಷದ ಕಾಫಿಯ ಕೊನೆಯ ಕಂತು ಎಂದು ಬರುವುದೆಂದು ಅಂಚೆಯವನ ದಾರಿ ಕಾಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಬೆಳೆಗಾರನಿಗೆ ಪೂರ್ತಿ ಸ್ವಾತಂತ್ರ್ಯ ಕೊಡುವವರೆಗೆ ಇದು ನಡೆಯಿತು. ಬಿಡುಗಡೆಯಾದ ಮೇಲೆ ಬೆಲೆಯ ಏರಿಳಿತದಲ್ಲಿ ಪೆಟ್ಟು ತಿಂದವರೂ ಇದ್ದಾರೆ, ಅದು ಬೇರೆ ಮಾತು. ನಾನು ಹೇಳುವುದು ಇಷ್ಟೇ: ಆಪತ್ತಿನ ಹೊತ್ತಿಗೆ ಆಸರೆಯಾಗಿ ಬಂದದ್ದು, ಹೊರಹೋಗುವ ಬಾಗಿಲು ಇಲ್ಲದಿದ್ದರೆ, ಅರ್ಧ ಶತಮಾನ ಕಾಲು ಕಟ್ಟಿಹಾಕಬಹುದು. ಕೋವಿಡ್ ಕಾಲದಲ್ಲಿ ಶಾಲೆಗಳೆಲ್ಲ ಬೇರೆ ದಾರಿಯಿಲ್ಲದೆ ತಮ್ಮ ಸರ್ವಸ್ವವನ್ನೂ ಮೋಡದಲ್ಲಿ ಇಟ್ಟವು. 2021ರಲ್ಲಿಯೇ ಗೂಗಲ್, ಶಾಲೆಗಳಿಗೆ ಅಲ್ಲಿಯವರೆಗೆ ಮಿತಿಯಿಲ್ಲದೆ ಕೊಡುತ್ತಿದ್ದ ಜಾಗಕ್ಕೆ ಇನ್ನು ಮುಂದೆ ಮಿತಿ ಇರುತ್ತದೆಂದು ಪ್ರಕಟಿಸಿ, ಮರುವರ್ಷ ಜಾರಿಗೂ ತಂದಿತು. ಕೊಡುವ ಕೈ ಅವರದು. ನಮ್ಮನ್ನು ಕೇಳಬೇಕಾಗಿರಲಿಲ್ಲ, ಕೇಳಲಿಲ್ಲ.

ನಮ್ಮ ಶಾಲೆಗೇ ಈ ಪಾಠ ಒಮ್ಮೆ ಆಗಿದೆ. ಅದನ್ನು ನೀವು ಮರೆತಿರುವುದು ನನಗೆ ಆಶ್ಚರ್ಯ. ಮೊದಲ ಗಣಕಯಂತ್ರಗಳು ಬಂದಾಗ ಶಾಲೆಗೆ ತೋರಣ ಕಟ್ಟಿದ್ದೆವು. ಯಂತ್ರಗಳೂ ಕಲಿಸುವವರೂ ಒಂದು ಗುತ್ತಿಗೆ ಸಂಸ್ಥೆಯವರು. ಹೆಸರು ಬೇಡ, ಈಗ ಅದರ ಅಗತ್ಯವೂ ಇಲ್ಲ. ಕೊಠಡಿ ಶಾಲೆಯದು, ಬೀಗದ ಕೈ ಅವರದು. ಗಣಿತದ ಮೇಷ್ಟ್ರಾದ ನಾನು ಒಂದು ಆಲೇಖವನ್ನು ಮಕ್ಕಳಿಗೆ ತೋರಿಸಬೇಕೆಂದು ಕೇಳಿದರೆ, “ಸಾರ್, ನಮ್ಮ ವೇಳಾಪಟ್ಟಿಯಲ್ಲಿ ಇಲ್ಲ” ಎಂಬ ಉತ್ತರ. ಗುತ್ತಿಗೆಯ ಅವಧಿ ಮುಗಿದ ದಿನ ಕಲಿಸುವವರು ಹೊರಟು ಹೋದರು. ಯಂತ್ರಗಳು ಉಳಿದವು, ಅವನ್ನು ನಡೆಸುವ ವಿದ್ಯೆ ಶಾಲೆಯ ಯಾವ ಅಧ್ಯಾಪಕರಿಗೂ ಉಳಿಯಲಿಲ್ಲ, ಏಕೆಂದರೆ ಅದನ್ನು ನಮಗೆ ಕಲಿಸುವುದು ಗುತ್ತಿಗೆಯಲ್ಲಿ ಬರೆದಿರಲಿಲ್ಲ. ಎರಡು ಮಳೆಗಾಲಗಳಲ್ಲಿ ಬೂಸಲು ಹಿಡಿದು ಎಲ್ಲವೂ ಮುಗಿಯಿತು. ಅದೇ ಕಾಲದಲ್ಲಿ ಒಂದು ಕನ್ನಡ ತಂತ್ರಾಂಶದಲ್ಲಿ ನಾನು ಶ್ರಮಪಟ್ಟು ಬೆರಳಚ್ಚು ಮಾಡಿಟ್ಟಿದ್ದ ಏಳು ವರ್ಷಗಳ ಪ್ರಶ್ನೆಪತ್ರಿಕೆಗಳು, ಹೊಸ ಯಂತ್ರದಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನವಾಗಿ ಕಂಡವು. ಬರೆದವನು ನಾನು, ಓದುವ ಕೀಲಿಕೈ ಬೇರೆ ಯಾರದೋ ಕಿಸೆಯಲ್ಲಿತ್ತು. ಆ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಈ ಬರಹಕ್ಕೆ ಅದೂ ಒಂದು ಕಾರಣವಿರಬಹುದು, ಮುಚ್ಚಿಡುವುದೇಕೆ.

ಐವತ್ತು ದಾಟಿದ ಮೇಲೆ ನನಗೆ ಬೇರೊಂದು ದಾರಿ ಕಂಡಿತು. 2011ರಿಂದ ಮುಂದಕ್ಕೆ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ಸೇರಿ ಪ್ರೌಢಶಾಲಾ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿತು. ಗಣಿತ, ವಿಜ್ಞಾನ, ಸಮಾಜವಿಜ್ಞಾನದ ಅಧ್ಯಾಪಕರನ್ನು ಕೂರಿಸಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಕಲಿಸಿದರು. ಮೊದಲ ದಿನ ಮೌಸ್ ಹಿಡಿದ ಕೈ ನಡುಗಿತು. ಮೂರನೆಯ ದಿನ ಜಿಯೋಜೀಬ್ರಾದಲ್ಲಿ ಪೈಥಾಗೊರಸನ ಪ್ರಮೇಯವನ್ನು ಎಳೆದು ಜಗ್ಗಿ ತೋರಿಸುವಾಗ, ಇಪ್ಪತ್ತೈದು ವರ್ಷ ಸೀಮೆಸುಣ್ಣದಲ್ಲಿ ನಾನು ಮಾಡಲಾಗದ್ದನ್ನು ಮಾಡಿದಂತಾಯಿತು. ಅಲ್ಲಿಂದ ಒಂದು ಸಿ.ಡಿ.ಯನ್ನು ಕೈಯಲ್ಲಿ ಹಿಡಿದು ಬಂದೆ. ಅದನ್ನು ನಕಲು ಮಾಡಿ ಸಹೋದ್ಯೋಗಿಗಳಿಗೆ ಕೊಟ್ಟೆ. ಕಾನೂನೇ ಹಾಗೆ ಕೊಡಲು ಅನುಮತಿಸುತ್ತದೆಂಬುದು ಅವರಿಗೆ ನಂಬಲಾಗದ ಸಂಗತಿಯಾಗಿತ್ತು. 2013ರಲ್ಲಿ ಅದೇ ಬಳಗದಿಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಜಾಲತಾಣ ಹುಟ್ಟಿತು. ಅಧ್ಯಾಪಕರೇ ಬರೆದದ್ದು, ಕನ್ನಡದಲ್ಲಿಯೂ ಬರೆದದ್ದು. ಅದರ ಯಾವ ಪುಟವನ್ನೂ ಯಾವ ಅಧ್ಯಾಪಕನೂ ನಕಲಿಸಿ ತಿದ್ದಿ ತನ್ನ ಮಕ್ಕಳಿಗೆ ಕೊಡಬಹುದು.

ಕುಟ್ಟದ ಆಚೆಗೆ, ತೋಲ್ಪೆಟ್ಟಿಯ ಗಡಿ ದಾಟಿದರೆ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಕೇರಳದಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭವಾದಾಗ ಅಲ್ಲಿಯೂ ಒಂದೇ ಕಂಪನಿಯ ತಂತ್ರಾಂಶವನ್ನು ಪಠ್ಯದೊಳಗೆ ತುಂಬುವ ಸಿದ್ಧತೆಯಿತ್ತು. ಅದನ್ನು ವಿರೋಧಿಸಿದವರು ಅಧ್ಯಾಪಕರು, ಗಮನಿಸಿ. 2008ರ ಹೊತ್ತಿಗೆ ಅಲ್ಲಿಯ ಪ್ರೌಢಶಾಲೆಗಳ ಗಣಕ ಶಿಕ್ಷಣ ಮುಕ್ತ ತಂತ್ರಾಂಶಕ್ಕೆ ಬದಲಾಗಿತ್ತು. 2017ರಿಂದ ‘ಕೈಟ್’ ಎಂಬ ಸರಕಾರಿ ಸಂಸ್ಥೆಯೇ ಉಬುಂಟುವನ್ನು ತನ್ನ ಮಕ್ಕಳಿಗೆ ತಕ್ಕಂತೆ ಹೊಂದಿಸಿ ಶಾಲೆಗಳಿಗೆ ಹಂಚುತ್ತಿದೆ. ನನ್ನ ತಂಗಿಯನ್ನು ಕಾಸರಗೋಡಿನ ಬದಿಯಡ್ಕದ ಕಡೆಗೆ ಕೊಟ್ಟಿರುವುದು ಬಂಧುಗಳಿಗೆ ಗೊತ್ತಿದೆ. ಅವಳ ಮಗಳು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹತ್ತನೆಯ ತರಗತಿಯಲ್ಲಿ ಆ ಹುಡುಗಿ ರಜೆಗೆ ಬಂದಾಗ ನಮ್ಮ ಮನೆಯ ಕೆಟ್ಟ ಗಣಕಕ್ಕೆ ಲಿನಕ್ಸ್ ಹಾಕಿ ಎದ್ದು ಕೂರಿಸಿದಳು. ಅಲ್ಲಿಯ ಶಾಲೆಗಳಲ್ಲಿ ಗಣಕ ಕಲಿಸುವವರು ಗುತ್ತಿಗೆಯವರಲ್ಲ. ಗಣಿತ, ಭಾಷೆ ಕಲಿಸುವ ಅಧ್ಯಾಪಕರೇ ತರಬೇತಿ ಪಡೆದು ಕಲಿಸುತ್ತಾರೆ. ಕೇರಳವನ್ನು ಹೊಗಳುವುದಕ್ಕೆ ನನಗೆ ವಿಶೇಷ ಉತ್ಸಾಹವೇನೂ ಇಲ್ಲ. ಕಾಸರಗೋಡಿನ ಕನ್ನಡಿಗರ ವಿಷಯದಲ್ಲಿ ಅವರೊಡನೆ ನಮಗಿರುವ ತಕರಾರು ಇದ್ದೇ ಇದೆ. ಈ ಒಂದರಲ್ಲಿ ಮಾತ್ರ ಅವರು ನಮ್ಮನ್ನು ನಾಚಿಸಿದ್ದಾರೆ.

ಈಗ ನಿಮ್ಮ ಕ್ಷೇತ್ರಕ್ಕೇ ಬರುತ್ತೇನೆ. ‘ಎಂಟರ್‌ಪ್ರೈಸ್ ಲಿನಕ್ಸ್’ ಎಂಬ ಮಾತನ್ನು ನಿಮ್ಮ ಬಾಯಿಯಿಂದಲೇ ಕಲಿತೆ. ಲಿನಕ್ಸ್ ಎಲ್ಲರದು, ಉಚಿತ. ಆದರೆ ಬ್ಯಾಂಕು, ವಿಮಾನ ಕಂಪನಿ, ಸರಕಾರಗಳಿಗೆ ಅದನ್ನು ಹತ್ತು ವರ್ಷ ನೋಡಿಕೊಳ್ಳುತ್ತೇವೆಂಬ ಹೊಣೆಗಾರಿಕೆ ಬೇಕು. ಆ ಹೊಣೆಯನ್ನು ಮಾರುವುದು ರೆಡ್ ಹ್ಯಾಟ್‌ನಂಥ ಕಂಪನಿಯ ವ್ಯಾಪಾರ. ತಪ್ಪೇನಿಲ್ಲ, ನಮ್ಮ ‘ಲೋಹಿತ್’ ಕನ್ನಡ ಅಕ್ಷರಶೈಲಿಯನ್ನು ಪೋಷಿಸಿಕೊಂಡು ಬಂದದ್ದೂ ಇದೇ ಕಂಪನಿ. ಹೊಣೆ ಬೇಡ, ಸಾಮಾನು ಮಾತ್ರ ಸಾಕು ಎನ್ನುವವರಿಗಾಗಿ 2004ರಿಂದ ‘ಸೆಂಟ್ ಓಎಸ್’ ಎಂಬುದು ಇತ್ತು. ಅದೇ ಮೂಲದಿಂದ ಸ್ವಯಂಸೇವಕರು ಕಟ್ಟಿದ್ದು. 2014ರಲ್ಲಿ ರೆಡ್ ಹ್ಯಾಟ್ ಅದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 2019ರ ಜುಲೈಯಲ್ಲಿ ಐಬಿಎಂ, 3,400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟನ್ನೇ ಕೊಂಡಿತು. ಮರುವರ್ಷ ಡಿಸೆಂಬರ್ 8ರಂದು, 2029ರವರೆಗೆ ನಡೆಯಬೇಕಾಗಿದ್ದ ಸೆಂಟ್ ಓಎಸ್‌ನ ಎಂಟನೆಯ ಆವೃತ್ತಿಯನ್ನು 2021ರ ಅಂತ್ಯಕ್ಕೇ ಮುಗಿಸುತ್ತೇವೆಂಬ ಘೋಷಣೆ ಹೊರಬಿತ್ತು. ಎಂಟು ವರ್ಷದ ಮಾತು ಒಂದೇ ವರ್ಷಕ್ಕೆ ಇಳಿಯಿತು. ಆ ಡಿಸೆಂಬರಿನಲ್ಲಿ ನಿಮ್ಮಲ್ಲಿ ಮೂವರು ನಾಲ್ವರು ಊರಿಗೆ ಬಂದಿದ್ದಿರಿ, ಮನೆಯಿಂದ ಕೆಲಸ ಮಾಡುತ್ತಿದ್ದಿರಿ. ನಮ್ಮ ಜಗಲಿಯಲ್ಲಿ ಕುಳಿತು ಆ ಕಂಪನಿಯನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಆದರೆ ಮುಂದೇನಾಯಿತು? 2021ರ ಮಾರ್ಚಿನಲ್ಲಿ ‘ಆಲ್ಮಾ’, ಜೂನಿನಲ್ಲಿ ‘ರಾಕಿ’ ಎಂಬ ಎರಡು ಹೊಸ ಲಿನಕ್ಸ್‌ಗಳು ಅದೇ ಮೂಲದಿಂದ ಎದ್ದು ನಿಂತವು. ಎರಡನೆಯದಕ್ಕೆ ಆ ಹೆಸರಿಟ್ಟವರು, ಸೆಂಟ್ ಓಎಸ್ ಆರಂಭಿಸಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್. ತೀರಿಹೋದ ತಮ್ಮ ಜೊತೆಗಾರ ರಾಕಿ ಮೆಕ್‌ಗಾಫ್ ಅವರ ನೆನಪಿಗೆ. ಗುರು ಕಾರೋಣರಿಗೆ ಮೀದಿ ಇಡುವ ಈ ನಾಡಿನವರಿಗೆ ಆ ಭಾವ ಅರ್ಥವಾದೀತು. 2023ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಮೂಲಸಂಕೇತವನ್ನು ಗಿರಾಕಿಗಳಿಗಷ್ಟೇ ಎಂದು ಇನ್ನೊಂದು ಬೇಲಿ ಹಾಕಿದಾಗಲೂ ಈ ಎರಡೂ ಬೇರೆ ಬೇರೆ ದಾರಿ ಹುಡುಕಿ ಉಳಿದುಕೊಂಡವು. ಪರವಾನಗಿ ಮುಕ್ತವಾಗಿತ್ತು, ಆದ್ದರಿಂದ ಉಳಿದವು. ಒಡೆಯ ಬಾಗಿಲು ಹಾಕಿದ. ಮನೆ ಕಟ್ಟುವ ನಕ್ಷೆಯೂ ಮರವೂ ಊರವರ ಬಳಿಯೇ ಇದ್ದವು.

ಇದರ ಪಕ್ಕದಲ್ಲಿ ಮಾಯಾಯಂತ್ರಗಳ ವ್ಯಾಪಾರದಲ್ಲಿ ದೊಡ್ಡ ಹೆಸರಾದ ವಿಎಂವೇರ್ ಕಂಪನಿಯ ಕತೆಯನ್ನು ಇಟ್ಟು ನೋಡಿ. ಅದರ ತಂತ್ರಾಂಶ ಮುಚ್ಚಿದ ಪೆಟ್ಟಿಗೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಎಂಬ ಕಂಪನಿ ಅದನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಪಡೆಯುವ ಪರವಾನಗಿಗಳ ಮಾರಾಟ ನಿಂತಿತು. ಇನ್ನು ಮುಂದೆ ಎಲ್ಲವೂ ಚಂದಾ. ಇಲ್ಲಿ ಗಿರಾಕಿಗಳು ಸೇರಿ ಮತ್ತೊಂದು ವಿಎಂವೇರನ್ನು ಕಟ್ಟಲು ಸಾಧ್ಯವಾಯಿತೇ? ಇಲ್ಲ. ಕಟ್ಟುವ ಹಕ್ಕೂ ಇಲ್ಲ, ಸಾಮಾನೂ ಇಲ್ಲ. ಹೇಳಿದಷ್ಟು ತೆತ್ತು ಇರಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಗಂಟುಮೂಟೆ ಕಟ್ಟಿದವರಲ್ಲಿ ಅನೇಕರು ಬಂದದ್ದು ಮತ್ತೆ ಆ ಕೆವಿಎಂ ಎಂಬ ಊರೊಟ್ಟಿನ ಸೊತ್ತಿಗೇ. ಎರಡೂ ಕಡೆ ಯಜಮಾನ ಬದಲಾದ, ಎರಡೂ ಕಡೆ ಮಾತು ಮುರಿದ. ಒಂದು ಕಡೆ ಜನ ಆರು ತಿಂಗಳಲ್ಲಿ ಎದ್ದರು, ಇನ್ನೊಂದು ಕಡೆ ಬಿಲ್ಲು ಕಟ್ಟಿದರು. ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಿಲ್ಲ.

“ಸರ್, ಅದೆಲ್ಲ ಅಮೆರಿಕದ ಕಂಪನಿಗಳ ಜಗಳ, ನಮಗೇನು?” ಎನ್ನಬಹುದು. 2025ರ ಜುಲೈಯಲ್ಲಿ ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣ ಘಟಕವಿರುವ ನಯಾರಾ ಎನರ್ಜಿ ಕಂಪನಿಗೆ ಏನಾಯಿತೆಂದು ಓದಿರಿ. ಅದರಲ್ಲಿ ರಷ್ಯಾದ ಪಾಲು ಇದೆಯೆಂದು ಯುರೋಪಿನ ಒಕ್ಕೂಟ ನಿರ್ಬಂಧ ಹೇರಿತು. ಭಾರತವಾಗಲಿ ಅಮೆರಿಕವಾಗಲಿ ಹೇರಿದ್ದಲ್ಲ. ಆದರೂ ಮೈಕ್ರೋಸಾಫ್ಟ್ ಆ ಕಂಪನಿಯ ಮಿಂಚಂಚೆಯನ್ನೂ ಕಡತಗಳನ್ನೂ ನಿಲ್ಲಿಸಿಬಿಟ್ಟಿತು. ಪೂರ್ಣ ಹಣ ಕೊಟ್ಟು ಪಡೆದ ಪರವಾನಗಿ ಎಂದು ನಯಾರಾ ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋದ ಮೇಲೆ, ಕೆಲವೇ ದಿನಗಳಲ್ಲಿ ಸೇವೆ ಮರಳಿ ಬಂತು. ಅಷ್ಟು ದೊಡ್ಡ ಕಂಪನಿಗೆ ದೆಹಲಿಯಲ್ಲಿ ವಕೀಲರಿದ್ದರು. ನಮ್ಮ ಮುಖ್ಯೋಪಾಧ್ಯಾಯರಿಗೆ ಗೋಣಿಕೊಪ್ಪದವರೆಗೆ ಹೋಗಿ ಬರುವ ಪ್ರಯಾಣ ಭತ್ಯೆಯೂ ಸಕಾಲಕ್ಕೆ ಬರುವುದಿಲ್ಲ.

ನಿಮ್ಮ ಪಕ್ಷದಲ್ಲಿರುವ ಸತ್ಯವನ್ನೂ ಒಪ್ಪಬೇಕು. 2018ರ ಮೇ ತಿಂಗಳಲ್ಲಿ ನಾನು ನಿವೃತ್ತನಾದೆ. ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರು ಅಂಕಪಟ್ಟಿ, ಪಡಿತರ ಚೀಟಿ, ಜಮೀನಿನ ಕಾಗದ ಎಲ್ಲವನ್ನೂ ಮಣ್ಣಿನಡಿ ಕಳೆದುಕೊಂಡರು. ಬೆಂಗಳೂರಿನ ಗಣಕದಲ್ಲಿ ಪ್ರತಿಯಿದ್ದುದರಿಂದಲೇ ಎಷ್ಟೋ ಕಾಗದಗಳನ್ನು ಮತ್ತೆ ಪಡೆಯಲಾಯಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಗೆ ಶಾನುಭೋಗರ ಕಪಾಟಿನಿಂದ ಪಹಣಿಯನ್ನು ಬಿಡಿಸಿ ತಂದ ಪುಣ್ಯವೂ ಇದೆ. ಒಂದೇ ಊರಿನಲ್ಲಿ ಎಲ್ಲವನ್ನೂ ಇಡಬಾರದು ಎಂಬುದನ್ನು ಮಳೆ ನನಗೆ ಚೆನ್ನಾಗಿ ಕಲಿಸಿದೆ. ದೂರದಲ್ಲಿ ಒಂದು ಪ್ರತಿಯಿರಲಿ, ಅದಕ್ಕೆ ಬಾಡಿಗೆಯನ್ನೂ ಕೊಡೋಣ. ನನ್ನ ಆಕ್ಷೇಪವಿರುವುದು ದೂರದ ಪ್ರತಿಯನ್ನೇ ಏಕೈಕ ಪ್ರತಿಯಾಗಿ ಮಾಡುವುದಕ್ಕೆ.

ಇನ್ನೊಬ್ಬರು, “ಹಾಗಾದರೆ ಭಾರತೀಯ ಕಂಪನಿಯದೇ ತೆಗೆದುಕೊಳ್ಳೋಣ” ಎಂದು ಸಂಧಾನ ಸೂಚಿಸಿದ್ದಾರೆ. ದೇಶಾಭಿಮಾನ ಮೆಚ್ಚತಕ್ಕದ್ದೇ. ಆದರೆ 1974ರಲ್ಲಿ ದೇವರಾಜ ಅರಸರು ಭೂಸುಧಾರಣೆಯ ಕಾಯಿದೆಯನ್ನು ಜಾರಿಗೊಳಿಸಿದಾಗ, ಜಮೀನ್ದಾರ ನಮ್ಮ ಊರಿನವನು, ನಮ್ಮ ಭಾಷೆಯವನು ಎಂಬ ಕಾರಣಕ್ಕೆ ಗೇಣಿಯನ್ನು ಉಳಿಸಲಿಲ್ಲವಲ್ಲ! ಕೇಂದ್ರ ಸರಕಾರ 2015ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶದ ನೀತಿಯೂ ಕಂಪನಿಯ ಪೌರತ್ವವನ್ನು ಕೇಳುವುದಿಲ್ಲ. ಮೊದಲ ಆದ್ಯತೆ ಮುಕ್ತ ಮೂಲದ ತಂತ್ರಾಂಶಕ್ಕೆ, ಅದನ್ನು ಬಿಟ್ಟರೆ ಯಾಕೆ ಬಿಟ್ಟಿರೆಂದು ಕಾರಣ ಕೊಡಿ ಎನ್ನುತ್ತದೆ. ದೊಡ್ಡ ಕಚೇರಿಗಳು ಕಾರಣ ಕೊಡುತ್ತಿವೆಯೋ ಇಲ್ಲವೋ, ನಮ್ಮ ಸಭೆಯಲ್ಲಿ ನೀವು ಕೊಡಬೇಕಾಗುತ್ತದೆ.

ಬರೀ ಬೇಡ ಎನ್ನುವವನಿಗೆ ಸಭೆಯಲ್ಲಿ ಬೆಲೆಯಿಲ್ಲವೆಂದು ಗೊತ್ತು. ನನ್ನ ಪ್ರಸ್ತಾವ ಹೀಗಿದೆ. ನಿಮ್ಮ ಕಚೇರಿಗಳು ನಾಲ್ಕೈದು ವರ್ಷ ಬಳಸಿ ಹೊರಹಾಕುವ ಗಣಕಗಳು ಇಂದಿಗೂ ನಮ್ಮ ಮಕ್ಕಳಿಗೆ ಧಾರಾಳ ಸಾಕು. ಅಂಥ ಹನ್ನೆರಡನ್ನು ಕ್ರಮವಾಗಿ ಕೇಳಿ ತನ್ನಿ. ಅವುಗಳ ಮೇಲೆ ಕನ್ನಡದಲ್ಲಿಯೇ ನಡೆಯುವ ಉಬುಂಟು, ಲಿಬ್ರೆ ಆಫೀಸ್, ಜಿಯೋಜೀಬ್ರಾ. ಸ್ವಲ್ಪ ಗಟ್ಟಿಯಾದ ಹದಿಮೂರನೆಯದೊಂದು ಬೇಕು. ಅದರೊಳಗೆ ಕೆವಿಎಂನಿಂದ ಮೂರೋ ನಾಲ್ಕೋ ಮಾಯಾಯಂತ್ರಗಳನ್ನು ಹೂಡೋಣ: ಒಂದರಲ್ಲಿ ಮಕ್ಕಳ ಕಡತಗಳು, ಒಂದರಲ್ಲಿ ಅಂಕ ಹಾಜರಿ, ಒಂದರಲ್ಲಿ ಜಾಲ ಸಂಪರ್ಕವಿಲ್ಲದೆಯೂ ಓದಬಹುದಾದಂತೆ ‘ಕಿವಿಕ್ಸ್’ ಮೂಲಕ ಇಳಿಸಿಟ್ಟ ಕನ್ನಡ ವಿಕಿಪೀಡಿಯ. ಇನ್ನೊಂದು ಮಕ್ಕಳು ಕೆಡಿಸುವುದಕ್ಕಾಗಿಯೇ ಇರಲಿ. ಕೆಡಿಸಿ ಸರಿಪಡಿಸದೆ ಯಾರೂ ಏನನ್ನೂ ಕಲಿತಿಲ್ಲ. ನಿಮ್ಮ ಪ್ರಯೋಗಾಲಯದ ದಿನಗಳಲ್ಲಿ ಒಡೆದ ಬ್ಯೂರೆಟ್ಟುಗಳ ಲೆಕ್ಕ ನನ್ನ ಬಳಿ ಇನ್ನೂ ಇದೆ. ಬ್ಯಾಟರಿಗೆ ಹಣ ಬೇಕು, ಅದು ದೊಡ್ಡ ಖರ್ಚು, ಅದನ್ನು ಮುಚ್ಚಿಡುವುದಿಲ್ಲ. ವಾರಕ್ಕೊಮ್ಮೆ ಎಲ್ಲದರ ಪ್ರತಿ ಒಂದು ಡಿಸ್ಕಿನಲ್ಲಿ ಶಾಲೆಯ ಬೀರುವಿಗೆ; ಇನ್ನೊಂದು ಪ್ರತಿ, ಸಂಕೇತ ಲಿಪಿಯಲ್ಲಿ ಭದ್ರಪಡಿಸಿದ್ದು, ನೀವೇ ಬಾಡಿಗೆಗೆ ಹಿಡಿದ ಬೆಂಗಳೂರಿನ ಮೋಡಕ್ಕೆ. ಆ ಮೋಡದವನು ನಾಳೆ ಬೆಲೆ ಏರಿಸಿದರೆ ಇನ್ನೊಬ್ಬನ ಬಳಿಗೆ ಹೋಗೋಣ.

ನೋಡಿಕೊಳ್ಳುವವರು ಯಾರು ಎಂಬ ಪ್ರ‌ಶ್ನೆಯನ್ನು ನಿಮ್ಮ ಬಳಗದಲ್ಲಿ ಐದು ಮಂದಿ ಕೇಳಿದ್ದೀರಿ. ಅದು ನ್ಯಾಯವಾದ ಪ್ರಶ್ನೆ, ನನ್ನ ಪ್ರಸ್ತಾವದ ದುರ್ಬಲ ಜಾಗವೂ ಹೌದು. ಶನಿವಾರಗಳಲ್ಲಿ ನಾನು ಹೋಗುತ್ತೇನೆ. ಮೊಣಕಾಲು ನೋವಿದ್ದರೂ ಬಸ್ಸು ಶಾಲೆಯ ಎದುರಿಗೇ ನಿಲ್ಲುತ್ತದೆ. ಆದರೆ ನನಗೆ ಅರವತ್ತೇಳು. ಎಷ್ಟು ಶನಿವಾರಗಳು ಉಳಿದಿವೆಯೋ. ವಿಜ್ಞಾನದ ಹೊಸ ಅಧ್ಯಾಪಕಿಗೆ ಆಸಕ್ತಿಯಿದೆ, ಅವರಿಗೆ ನೀವು ಕಲಿಸಬೇಕು. ನೀವು ನಲವತ್ತೆರಡು ಮಂದಿ ಬಳಗದಲ್ಲಿದ್ದೀರಿ. ಅದರಲ್ಲಿ ಹದಿನಾರು ಮಂದಿಯ ಉದ್ಯೋಗವೇ ಇದು. ಒಬ್ಬೊಬ್ಬರು ವರ್ಷಕ್ಕೆ ಮೂರು ದಿನ ದೂರದಿಂದಲೇ ಕೈಹಚ್ಚಿದರೆ ನಲವತ್ತೆಂಟು ದಿನಗಳಾದವು. ಲೆಕ್ಕವನ್ನು ಎರಡು ಸಲ ಮಾಡಿ ನೋಡಿದ್ದೇನೆ. ಚಂದಾ ಹಣ ಕೊಡುವುದು ಸುಲಭ, ದಿನ ಕೊಡುವುದು ಕಷ್ಟ ಎಂಬುದು ನನಗೆ ತಿಳಿಯದ್ದಲ್ಲ.

ಪುತ್ತರಿಯ ಮರುದಿನ ಬೆಳಿಗ್ಗೆ ಹತ್ತೂವರೆಗೆ ಶಾಲೆಯಲ್ಲಿ ಸಭೆ. ಮುಖ್ಯೋಪಾಧ್ಯಾಯರನ್ನು ಕೇಳಿ ಆ ಹಳೆಯ ಗಣಕ ಕೊಠಡಿಯ ಬೀಗ ತೆಗೆಸಿದ್ದೇನೆ. ಎರಡು ಕಿಟಕಿಯ ಗಾಜು ಒಡೆದಿದೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ, ನೆಲ ಗಟ್ಟಿಯಿದೆ. ಗೋಡೆಯ ಮೇಲೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕ ಇನ್ನೂ ಹಾಗೆಯೇ ಇದೆ. ಬರುವಾಗ ಯಾರಾದರೂ ಅಳತೆಯ ಟೇಪು ತನ್ನಿ. ಮೇಜುಗಳಿಗೆ ಬಡಗಿಯನ್ನು ಕರೆಯುವ ಮೊದಲು ಕೊಠಡಿಯನ್ನು ಅಳೆಯಬೇಕು.